ಹೆಂಗೂ ಖಾಲಿ ಅದಿಯಲ್ಲ!

ನಮ್ಮ ಸೀಮೆಯಲ್ಲಿ ಕೆಲಸವಿಲ್ಲದವನಿಗೆ ಇರುವಷ್ಟು ಕೆಲಸ ಜಿಲ್ಲಾಧಿಕಾರಿಗೂ ಇರಲಿಕ್ಕಿಲ್ಲ. ಜಿಲ್ಲಾಧಿಕಾರಿಗೆ ಭಾನುವಾರ ರಜೆ, ಎರಡನೇ ಶನಿವಾರ ರಜೆ, ಗಾಂಧಿ ಜಯಂತಿಗೂ ರಜೆ. ಡಿಗ್ರಿ ಮುಗಿಸಿ ಊರಿಗೆ ಬಂದು ಕೂತವನಿಗೆ ಯಾವ ರಜೆಯೂ ಇಲ್ಲ. ಅವನು ಹಾಜರಿ ಹಾಕಬೇಕಾದ ಕಚೇರಿ ಅಂದರೆ ಇಡೀ ಊರು. ಬೆಳಿಗ್ಗೆ ಹಲ್ಲುಜ್ಜುತ್ತ ಅಂಗಳಕ್ಕೆ ಬಂದರೆ ಸಾಕು, ಎದುರುಮನೆ ಚಿಗವ್ವ ಶುರು ಮಾಡುತ್ತಾಳೆ: "ಏ ತಮ್ಮಾ, ಹೆಂಗೂ ಖಾಲಿ ಅದಿಯಲ್ಲ, ಹಗರಿಬೊಮ್ಮನಹಳ್ಳ್ಯಾಗ ಬೋರಿನ ಮೋಟ್ರು ವೈಂಡಿಂಗಿಗೆ ಕೊಟ್ಟೀವಿ, ಒಂಚೂರು ಇಸ್ಕಂಡ್ ಬಾರಪ್ಪ."

ಖಾಲಿ ಯಾರು ಅನ್ನುವುದಕ್ಕೂ ನಮ್ಮ ಕಡೆ ಕಟ್ಟುನಿಟ್ಟಾದ ನಿಯಮಾವಳಿ ಇದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವನು ಖಾಲಿ ಅಲ್ಲ. ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಗಾರೆ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋಗುವವನು ಖಾಲಿ ಅಲ್ಲವೇ ಅಲ್ಲ. ಮೂರು ಹೊತ್ತೂ ಅರಳಿಕಟ್ಟೆ ಮೇಲೆ ಹುಲಿಕಟ್ಟು ಆಡುವ ದೊಡ್ಡಪ್ಪನೂ ಖಾಲಿ ಅಲ್ಲ, ಅವನು ಊರ ಹಿರಿಯ. ಖಾಲಿ ಅನ್ನಿಸಿಕೊಳ್ಳಲು ಕನಿಷ್ಠ ವಿದ್ಯಾರ್ಹತೆ ಬಿ.ಎ.; ಬಿ.ಇಡಿ. ಆಗಿದ್ದರೆ ಆದ್ಯತೆ. ನನಗೆ ಎರಡೂ ಇದ್ದವು.

ಇಂಥ ದಿನಗಳನ್ನು ಸದುಪಯೋಗ ಮಾಡಿಕೊಳ್ಳುವುದು ಹೇಗೆ ಎಂದು ಹೇಳಿಕೊಡುವವರ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವರೆಲ್ಲ ತಪ್ಪದೆ ತಿಂಗಳ ಸಂಬಳ ಎಣಿಸುವವರು. ಬೆಳಿಗ್ಗೆ ನಾಲ್ಕಕ್ಕೆ ಏಳಿ ಎನ್ನುತ್ತಾರೆ. ಹೊಸ ಭಾಷೆ ಕಲಿಯಿರಿ, ಹೊಸ ಕೌಶಲ ಬೆಳೆಸಿಕೊಳ್ಳಿ, ಒಂದು ಹವ್ಯಾಸ ಇಟ್ಟುಕೊಳ್ಳಿ ಎನ್ನುತ್ತಾರೆ. ನಾಲ್ಕಕ್ಕೆ ಎದ್ದರೆ ದಿನ ಇನ್ನೂ ಎರಡು ತಾಸು ಉದ್ದವಾಗುತ್ತದಲ್ಲ, ಆ ಎರಡು ತಾಸನ್ನು ಎಲ್ಲಿಡುವುದು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದೂ ಅಲ್ಲದೆ ನಮ್ಮ ಕಡೆ ಸದುಪಯೋಗದ ಹೊಣೆಯನ್ನು ನಿರುದ್ಯೋಗಿಗೆ ಬಿಟ್ಟಿಲ್ಲ. ಅದನ್ನು ನೆಂಟರು, ಓಣಿಯವರು, ಪಂಚಾಯ್ತಿಯವರು ವಹಿಸಿಕೊಂಡಿದ್ದಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಐದು ಊರಿನ ಬೋರ್ಡು ಹಾಕಿಕೊಂಡು ಓಡಾಡುವ ಬಸ್ಸುಗಳಲ್ಲೇ ನನ್ನ ಹರೆಯ ಕಳೆಯಿತು. ಹಡಗಲಿಯವರಿಗೆ ಪಕ್ಕದಲ್ಲೇ ತುಂಗಭದ್ರೆ ಇದ್ದಾಳೆ. ಕೂಡ್ಲಿಗಿ ಕಡೆಯವರಿಗೆ ಆಕಾಶವೇ ಗತಿ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬೆಂಗಳೂರು. ನಡುವೆ ಉಳಿಯುವ ಒಂದೇ ಬೆಳೆ ಸರ್ಕಾರಿ ನೌಕರಿ. ಅದನ್ನು ಬಿತ್ತುವವರು ಸಾವಿರಾರು ಮಂದಿ, ಕೊಯ್ಯುವವರು ಯಾರೋ. ಹಾಗಾಗಿ ಈ ಐದೂ ಊರಿನ ಗ್ರಂಥಾಲಯಗಳಲ್ಲಿ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಚಪ್ಪಲಿಗಳು ಸಾಲುಗಟ್ಟಿರುತ್ತವೆ. ಒಂದು ದಿನಪತ್ರಿಕೆ ಒಳಗೆ ಬಂತೆಂದರೆ ಹಾಳೆ ಹಾಳೆಯಾಗಿ ಬಿಡಿಸಿ ಹಂಚಿಕೊಳ್ಳುವುದು ಅಲ್ಲಿನ ರೂಢಿ. ನನ್ನ ಪಾಲಿಗೆ ಸಾಮಾನ್ಯವಾಗಿ ವಾಣಿಜ್ಯ ಪುಟ ಬರುತ್ತಿತ್ತು. ಹೀಗಾಗಿ ಜೇಬಿನಲ್ಲಿ ಬಸ್ ಚಾರ್ಜಿಗೆ ದುಡ್ಡಿಲ್ಲದ ದಿನವೂ ರಿಸರ್ವ್ ಬ್ಯಾಂಕಿನ ರೆಪೊ ದರ ಎಷ್ಟೆಂದು ನನಗೆ ಬಾಯಿಪಾಠವಿತ್ತು.

ಅರ್ಜಿ ತುಂಬುವುದೇ ಒಂದು ಪೂರ್ಣಾವಧಿ ಉದ್ಯೋಗ. ನಾನು ಮೊದಲ ಅರ್ಜಿ ಹಾಕಿದಾಗ ನಮ್ಮೂರು ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆಯಲ್ಲಿತ್ತು. 2018ರ ಹೊತ್ತಿಗೆ ಕೊಟ್ಟೂರು ತಾಲ್ಲೂಕಾಯಿತು, ನಮ್ಮೂರು ಅದಕ್ಕೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು, ನಮ್ಮೂರು ಅದಕ್ಕೂ ಹೋಯಿತು. ಊರಿಗೆ ಸಿಕ್ಕಷ್ಟು ವರ್ಗಾವಣೆ, ಬಡ್ತಿ ನನಗೆ ಸಿಕ್ಕಿದ್ದರೆ ಇಷ್ಟೊತ್ತಿಗೆ ನಾನು ಎಲ್ಲೋ ಇರುತ್ತಿದ್ದೆ. ಪ್ರತಿಸಲವೂ ಆಧಾರ್, ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ವಾಸಸ್ಥಳ ಪ್ರಮಾಣಪತ್ರ ಎಲ್ಲದರಲ್ಲೂ ವಿಳಾಸ ತಿದ್ದಿಸಬೇಕು. ಕೂತಲ್ಲಿಂದ ಏಳದೆ ತಾಲ್ಲೂಕು, ಜಿಲ್ಲೆ ಎರಡನ್ನೂ ಬದಲಿಸಿದವನು ನಾನು ಎಂದು ಗ್ರಂಥಾಲಯದಲ್ಲಿ ಒಮ್ಮೆ ಜಂಬ ಕೊಚ್ಚಿಕೊಂಡೆ.

"ಸುಮ್ನಿರಲೇ, ನೀನಿನ್ನೂ ಬಚ್ಚಾ" ಎಂದ ಹರಪನಹಳ್ಳಿಯ ಗೆಳೆಯ. ಅವನು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿದರು, ಹಾಗಾಗಿ ಓದಿದ್ದು ದಾವಣಗೆರೆ ಜಿಲ್ಲೆಯಲ್ಲಿ. ಆಮೇಲೆ ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಬಂತು. ಪಕ್ಕದ ಹಡಗಲಿಯವರಿಗೂ ಕೊಟ್ಟೂರಿನವರಿಗೂ ನೌಕರಿಯಲ್ಲಿ ಮೀಸಲು, ಇವನಿಗಿಲ್ಲ. ಧರಣಿಯಾಯಿತು, ಬಂದ್ ಆಯಿತು, ಮನವಿಪತ್ರಗಳ ಮೇಲೆ ಮನವಿಪತ್ರಗಳು ಹೋದವು. 2018ರ ಸುಮಾರಿಗೆ ಹರಪನಹಳ್ಳಿ 371ಜೆ ಸಮೇತ ಬಳ್ಳಾರಿಗೆ ವಾಪಸ್ಸಾಯಿತು. ಹೊಸ ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಹಾಕಿಸಿ ಬೀರುವಿನಲ್ಲಿಡುವಷ್ಟರಲ್ಲಿ ವಿಜಯನಗರ ಜಿಲ್ಲೆ ಬಂತು. ಅಷ್ಟೂ ಹೋರಾಟದಲ್ಲಿ ಇವನು ಮುಂದಿನ ಸಾಲಿನಲ್ಲಿ ಕೂತಿದ್ದ. ಉಳಿದವರಿಗೆ ಅಂಗಡಿ ಇತ್ತು, ಹೊಲ ಇತ್ತು, ಡ್ಯೂಟಿ ಇತ್ತು. ಮಧ್ಯಾಹ್ನದ ಬಿಸಿಲಲ್ಲಿ ಶಾಮಿಯಾನದ ಕೆಳಗೆ ಕೂರಲು ಪುರುಸೊತ್ತಿದ್ದವನು ಇವನೊಬ್ಬನೇ. ಮೀಸಲಾತಿ ಊರಿಗೆ ಬಂದು ಮುಟ್ಟುವ ಹೊತ್ತಿಗೆ ವಯೋಮಿತಿ ಅವನ ಹೊಸ್ತಿಲಿಗೆ ಬಂದು ನಿಂತಿತ್ತು.

ವಯೋಮಿತಿಯ ಮಾತೇ ಬೇರೆ. ಸರ್ಕಾರ ಆಗಾಗ 'ಒಂದು ಬಾರಿಗೆ ಮಾತ್ರ' ಎಂದು ಮೂರು ವರ್ಷ ಸಡಿಲಿಸುತ್ತದೆ. ಆ ಸುದ್ದಿ ಬಂದ ದಿನ ನಮ್ಮ ಗ್ರಂಥಾಲಯದಲ್ಲಿ ಹಬ್ಬ. ನೆರೆಗೂದಲು ಬಂದವರೆಲ್ಲ ಒಂದೇ ಏಟಿಗೆ ಮೂರು ವರ್ಷ ಚಿಕ್ಕವರಾಗಿ, ಅಟ್ಟಕ್ಕೆ ಹಾಕಿದ್ದ ಸಾಮಾನ್ಯ ಜ್ಞಾನದ ಪುಸ್ತಕಗಳನ್ನು ಕೆಳಗಿಳಿಸುತ್ತಿದ್ದರು. ಆ ಪುಸ್ತಕಗಳಲ್ಲಿ ಕರ್ನಾಟಕದ ಜಿಲ್ಲೆಗಳು ಇನ್ನೂ 30. ನಮ್ಮದು 31ನೆಯದು ಎಂದು ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡೆವು.

ಇನ್ನು 545 ಪಿಎಸ್‌ಐ ಹುದ್ದೆಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. 2021ರ ಅಕ್ಟೋಬರಿನಲ್ಲಿ ಪರೀಕ್ಷೆ, ಅಕ್ರಮದ ಗಲಾಟೆಯಾಗಿ 2022ರ ಏಪ್ರಿಲಿನಲ್ಲಿ ರದ್ದು, 2024ರ ಜನವರಿಯಲ್ಲಿ ಮರುಪರೀಕ್ಷೆ. ನಮ್ಮ ಓಣಿಯ ಹುಡುಗನೊಬ್ಬ ಎರಡನ್ನೂ ಬರೆದ. ಮೊದಲ ಪರೀಕ್ಷೆ ಬರೆದು ಬಂದಾಗ "ಹುಡುಗ ಪಿಎಸ್‌ಐ ಆಗ್ತಾನಂತೆ" ಎಂದು ಹೆಣ್ಣು ಕೊಡಲು ಮಂದಿ ಬಂದರು, ಮದುವೆ ಆಯಿತು. ಮರುಪರೀಕ್ಷೆಗೆ ಹೊರಟಾಗ ಅವನ ಕೂಸು ಹೊಸ್ತಿಲಲ್ಲಿ ನಿಂತು ಟಾಟಾ ಮಾಡಿತು. ನಡುವಿನ ಕಾಲ ದಂಡವಾಯಿತು ಎಂದು ಹೇಳುವ ಧೈರ್ಯ ಯಾರಿಗಿದೆ? ಇನ್ನೊಬ್ಬನದು ಬೇರೆ ಸಮಸ್ಯೆ. ಎತ್ತರ 168 ಸೆಂಟಿಮೀಟರ್ ಬೇಕು, ಇವನು 167ಕ್ಕೆ ನಿಂತುಬಿಟ್ಟಿದ್ದ. ಬೆಳಗಿನ ಜಾವ 1600 ಮೀಟರ್ ಓಡಿ ಬಂದು, ಶಾಲೆ ಮೈದಾನದ ಬೇವಿನ ಕೊಂಬೆಗೆ ಜೋತು ಬೀಳುತ್ತಿದ್ದ. ಕೊಂಬೆ ನಾಲ್ಕು ಬೆರಳು ಕೆಳಗೆ ಬಂತು, ಅವನು ಮೇಲೇಳಲಿಲ್ಲ. ಕೊನೆಗೆ ಯುಗಾದಿಯ ಸಾಮಾಜಿಕ ನಾಟಕದಲ್ಲಿ ಡ್ರಾಮಾ ಮಾಸ್ತರರು ಅವನಿಗೇ ಇನ್‌ಸ್ಪೆಕ್ಟರ್ ಪಾತ್ರ ಕೊಟ್ಟರು. ಬಾಡಿಗೆ ಡ್ರೆಸ್ಸು, ಬಾಡಿಗೆ ಟೋಪಿ, ಬಾಡಿಗೆ ಲಾಠಿ. ಬೆಳಗಿನ ಐದರವರೆಗೆ ನಡೆದ ನಾಟಕದಲ್ಲಿ ಅವನದು ಎರಡೇ ಸೀನು. ಉಳಿದ ಹೊತ್ತೆಲ್ಲ ಡ್ರೆಸ್ಸು ಕಳಚದೆ ಪ್ರೇಕ್ಷಕರ ನಡುವೆ ಬಂದೋಬಸ್ತು ಮಾಡುತ್ತಿದ್ದ. ನಿಜವಾದ ಪೊಲೀಸರು ಬಂದಾಗ ಅವರಿಗೂ ಚಾ ತರಿಸಿಕೊಟ್ಟ.

ಬಂದೋಬಸ್ತು, ಚಾ, ಮೋಟ್ರು, ಇವೆಲ್ಲ ಬಿಡಿ ಕೆಲಸಗಳು. ಬಿಡುವಿಲ್ಲದ ಕೆಲಸವೆಂದರೆ ಆಫೀಸು ಅಲೆಯುವುದು. ಗೃಹಲಕ್ಷ್ಮಿಯ ಎರಡು ಸಾವಿರ ಈ ತಿಂಗಳು ಬಿದ್ದಿಲ್ಲ ಎಂದರೆ ಬ್ಯಾಂಕಿಗೆ ಹೋಗಬೇಕಾದವನು ನಾನು. ಆಧಾರ್ ಲಿಂಕ್ ಆಗಿಲ್ಲ, ಹೆಬ್ಬೆಟ್ಟು ಮೂಡುತ್ತಿಲ್ಲ, ಹೆಸರಿನಲ್ಲಿ ಒಂದಕ್ಷರ ಹೆಚ್ಚಿದೆ, ಎಲ್ಲಕ್ಕೂ ನಾನೇ. ಅಜ್ಜಿಯರ ಪಿಂಚಣಿ, ಅಜ್ಜಂದಿರ ಕಣ್ಣಿನ ಆಪರೇಷನ್ನು, ಬೆಳೆ ವಿಮೆ, ಪಹಣಿ, ಮುಟೇಶನ್ನು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ನನ್ನ ಭಾರ ಇಳಿಯಿತೆಂದೇ ತಿಳಿದಿದ್ದೆ. ಬಸ್ಸು ಹೆಣ್ಣುಮಕ್ಕಳಿಗೆ ಉಚಿತ, ಇನ್ನು ಚಿಗವ್ವ ತಾನೇ ಹೋಗಿ ಬರುತ್ತಾಳೆ. ಆಕೆ ಹೋದಳು ನಿಜ: ಉಕ್ಕಡಗಾತ್ರಿಗೆ, ಹುಲಿಗಿಗೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ. ಬ್ಯಾಂಕಿಗೆ ಮಾತ್ರ ನಾನೇ. "ಅಲ್ಲಾ ಚಿಗವ್ವಾ, ನಿಂಗ್ ಟಿಕೇಟು ಪುಕ್ಕಟೆ, ನಂಗ್ ರೊಕ್ಕ ಹತ್ತತೈತಿ" ಎಂದೆ. "ಅದಕ್ಕ ಮತ್ತ, ನಾ ಹೋದ್ರ ಸರ್ಕಾರಕ್ಕ ಲುಕ್ಸಾನಲ್ಲೇನು?" ಎಂದಳು. ರಾಜ್ಯದ ಬೊಕ್ಕಸದ ಬಗ್ಗೆ ಇಷ್ಟು ಕಾಳಜಿ ವಿಧಾನಸೌಧದಲ್ಲೂ ಕಾಣುವುದು ಕಷ್ಟ.

ನಿರುದ್ಯೋಗಿಗಳಿಗೂ ಒಂದು ಯೋಜನೆ ಬಂತು. ಯುವನಿಧಿ, ಡಿಗ್ರಿಯವರಿಗೆ ತಿಂಗಳಿಗೆ ಮೂರು ಸಾವಿರ, ಡಿಪ್ಲೊಮಾದವರಿಗೆ ಒಂದೂವರೆ ಸಾವಿರ, ಹೆಚ್ಚೆಂದರೆ ಎರಡು ವರ್ಷ. ಸೈಬರ್ ಅಂಗಡಿಗೆ ಓಡಿದೆ. ಅಲ್ಲಿದ್ದ ಹುಡುಗ ನನ್ನ ಅಂಕಪಟ್ಟಿ ನೋಡಿ, "ಸಾರ್, ಇದು 2022–23ರಿಂದ ಈಚೆಗೆ ಪಾಸಾದೋರಿಗೆ. ನಿಮ್ದು ಭಾಳ ಹಳೇದು" ಎಂದ. ಜಗತ್ತಿನ ಎಲ್ಲ ಕಡೆ ಸೀನಿಯಾರಿಟಿಗೆ ಬೆಲೆ ಇದೆ, ನಿರುದ್ಯೋಗದಲ್ಲಿ ಇಲ್ಲ. ನನ್ನ ಕಣ್ಣೆದುರೇ ನನ್ನ ಬಳಿ ಟ್ಯೂಷನ್ನಿಗೆ ಬರುತ್ತಿದ್ದ ಹುಡುಗ ಅಧಿಕೃತ ನಿರುದ್ಯೋಗಿಯಾದ. ನಾನು ಅನಧಿಕೃತನಾಗಿಯೇ ಉಳಿದೆ.

ಆ ಬೇಸಿಗೆಯಲ್ಲಿ ನಾನು ಉದ್ಯೋಗ ಖಾತ್ರಿಯಲ್ಲಿ ಕಾಯಕ ಬಂಧುವಾದೆ. ಕೆರೆ ಹೂಳು ತೆಗೆಯುವ ಕೆಲಸ. ಕೂಲಿಯವರ ಗುಂಪು ಕಟ್ಟುವುದು, ಹಾಜರಿ ಬರೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲ್ ಆ್ಯಪಿನಲ್ಲಿ ಫೋಟೊ ಹೊಡೆದು ಕಳಿಸುವುದು ನನ್ನ ಜವಾಬ್ದಾರಿ. ಫೋಟೊ ಅಂದ ಕೂಡಲೇ ಹೆಣ್ಣುಮಕ್ಕಳು ಸಲಿಕೆ ಬಿಟ್ಟು ಸೆರಗು ಸರಿಮಾಡಿಕೊಳ್ಳುವರು. ಒಬ್ಬಾಕೆ ಕಣ್ಣು ಮುಚ್ಚುವಳು, ಒಬ್ಬಾಕೆ ಗೆಳತಿಯ ಬೆನ್ನ ಹಿಂದೆ ನಗುತ್ತ ಅಡಗುವಳು. ಎಲ್ಲರ ಮುಖ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತಿತ್ತು. ಆಗ ನಾನು ಕೆರೆ ಏರಿ ಹತ್ತಿ, ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು, ಕೂಡ್ಲಿಗಿ ದಿಕ್ಕಿಗೊಮ್ಮೆ ಕೊಟ್ಟೂರು ದಿಕ್ಕಿಗೊಮ್ಮೆ ತಿರುಗುತ್ತ ನಿಲ್ಲುತ್ತಿದ್ದೆ. ದೂರದಿಂದ ನೋಡಿದ ಯಾರೋ ನಾನು ಮಳೆಗೆ ಹರಕೆ ಹೊತ್ತಿದ್ದೇನೆಂದು ನಮ್ಮವ್ವನಿಗೆ ಹೇಳಿದರಂತೆ. 2024–25ರಲ್ಲಿ ದಿನಗೂಲಿ 349 ರೂಪಾಯಿ. ಸಲಿಕೆ ಹಿಡಿದ ನಮ್ಮ ಸಣ್ಣಮ್ಮಂದಿರೆಲ್ಲ ಆ ಬೇಸಿಗೆಯಲ್ಲಿ ನನಗಿಂತ ಚೆನ್ನಾಗಿ ದುಡಿದರು. ಅವರು ತೆಗೆದ ಗುಂಡಿಯ ಅಂಚು ನೂಲು ಹಿಡಿದಷ್ಟು ನೇರ ಇರುತ್ತಿತ್ತು. ಹೊಸ ಕೌಶಲ ಕಲಿಯಿರಿ ಎನ್ನುವ ಭಾಷಣಕಾರರು ಒಂದು ಸಲ ಬಂದು ಅದನ್ನು ನೋಡಬೇಕು.

ನಾನೂ ಒಂದು ಕೌಶಲ ಕಲಿಯಲು ಹೋಗಿದ್ದೆ. ಅಕ್ಕನನ್ನು ಕೊಟ್ಟಿದ್ದು ಹಡಗಲಿ ಹತ್ತಿರದ ಹಳ್ಳಿಗೆ. ಹಡಗಲಿ ಮಲ್ಲಿಗೆ ಅಂದರೆ ಸಣ್ಣ ಮಾತಲ್ಲ. ಊರಿನ ಹೆಸರೇ ಹೂವಿನಹಡಗಲಿ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆಗಳ ಸಮಕ್ಕೆ ಇದಕ್ಕೂ ಜಿಐ ಗುರುತು ಸಿಕ್ಕಿದೆ. ಹೂವಿನ ಕಾಲದಲ್ಲಿ ಆಳು ಸಿಗುವುದಿಲ್ಲ ಎಂದು ಮಾವನವರು ಫೋನು ಮಾಡಿದರು. ಯಾಕೆ ನನಗೇ ಮಾಡಿದರು ಎಂದು ಬಿಡಿಸಿ ಹೇಳಬೇಕಿಲ್ಲ. ಬೆಳಕು ಹರಿಯುವ ಮೊದಲೇ ತೋಟದಲ್ಲಿರಬೇಕು. ಅರಳಿದ್ದನ್ನು ಮುಟ್ಟಬಾರದು, ನಾಳೆ ಅರಳುವುದನ್ನು ಕೀಳಬಾರದು. ಇವತ್ತು ಸಂಜೆಗೆ ಬಾಯಿ ಬಿಡುವ ಮೊಗ್ಗನ್ನಷ್ಟೇ ಕತ್ತಲಲ್ಲಿ ಬೆರಳಿನಿಂದಲೇ ಗುರುತಿಸಿ ಕೀಳಬೇಕು. ಹೆಣ್ಣುಮಕ್ಕಳು ಉಡಿ ಕಟ್ಟಿಕೊಂಡು ಎರಡೂ ಕೈಯಲ್ಲಿ ಕೀಳುತ್ತ ಮಾತಾಡುತ್ತ ಸಾಲಿನ ಕೊನೆ ಮುಟ್ಟಿದರೂ ನಾನು ಮೊದಲ ಗಿಡದಲ್ಲೇ ಬಹುಆಯ್ಕೆ ಪ್ರಶ್ನೆ ಬಿಡಿಸುತ್ತಿದ್ದೆ: ಇದು ಇವತ್ತಿನದೋ, ನಾಳೆಯದೋ, ಎರಡೂ ಸರಿಯೋ, ಯಾವುದೂ ಅಲ್ಲವೋ.

ಕಟ್ಟುವ ಪಾಠ ಮಾಡಿದವಳು ಅಕ್ಕನ ಅತ್ತೆಯ ತಾಯಿ. ಹಲ್ಲಿಲ್ಲದ ಮುದುಕಿ, ಕಣ್ಣು ಅಷ್ಟಕ್ಕಷ್ಟೆ. ನೀರು ಚಿಮುಕಿಸಿದ ಬಾಳೆನಾರನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ ತೊಟ್ಟಿಗೆ ತೊಟ್ಟು ಸೇರಿಸಿ ಇಡುವಳು. ನಾರನ್ನು ಒಂದು ಸುತ್ತು ತಂದು ಬೆರಳಿನಿಂದ ಮಡಿಸಿ ಕುಣಿಕೆಯೊಳಗೆ ತೂರಿಸಿ ಜಗ್ಗುವಳು. ಜಗ್ಗುವುದರಲ್ಲೇ ಇರುವುದು ಗುಟ್ಟು. ಹೆಚ್ಚಾದರೆ ತೊಟ್ಟು ಕತ್ತರಿಸುತ್ತದೆ, ಕಡಿಮೆಯಾದರೆ ಮೊಗ್ಗು ಜಾರುತ್ತದೆ. ಆಕೆ ಕೈಕಡೆ ನೋಡುತ್ತಲೇ ಇರಲಿಲ್ಲ. ಬಾಯಲ್ಲಿ ಸೊಸೆಯ ತವರಿನ ವಿಚಾರ, ಕಿವಿ ಟಿವಿಯ ಕಡೆಗೆ, ಮಡಿಲಲ್ಲಿ ಮಾಲೆ ತಾನೇ ಬೆಳೆದಂತೆ ಬೆಳೆಯುತ್ತಿತ್ತು. ನಾನು ಉಸಿರು ಬಿಗಿಹಿಡಿದು ಒಂದು ಮೊಳ ಕಟ್ಟಿ ಎದುರಿಗೆ ಹಿಡಿದೆ. ಆಕೆ ಅದನ್ನು ಒಮ್ಮೆ ಝಾಡಿಸಿದಳು. ಮೊಗ್ಗೆಲ್ಲ ಚಾಪೆ ಮೇಲೆ, ನಾರು ಮಾತ್ರ ಕೈಯಲ್ಲಿ. "ಏನ್ ಓದೀಯಪ್ಪಾ ನೀನು?" ಎಂದು ಕೇಳಿದಳು. ಬಿ.ಎ., ಬಿ.ಇಡಿ. ಎಂದೆ. "ಅದಕ್ಕ" ಎಂದು ಮತ್ತೆ ಟಿವಿಯ ಕಡೆ ತಿರುಗಿದಳು. ಮರುದಿನದಿಂದ ಮಾವನವರು ನನ್ನನ್ನು ಹೂವಿನ ಬುಟ್ಟಿ ಬಸ್ಸಿಗೆ ಏರಿಸುವ ಕೆಲಸಕ್ಕೆ ಬದಲಾಯಿಸಿದರು. ಅದರಲ್ಲಿ ನಾನು ತೇರ್ಗಡೆಯಾದೆ.

ಬೆಂಗಳೂರಿನಿಂದ ನೆಂಟರು ಬಂದರೆ ಅವರನ್ನು ತಿರುಗಾಡಿಸುವುದೂ ಖಾಲಿ ಇದ್ದವನ ಖಾತೆಗೆ ಸೇರಿದ್ದು. ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು ಅನ್ನುವುದು ನಮ್ಮ ಕಡೆಯ ಮಾತು. ಹಾಗಾಗಿ ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಒಳಗಿನ ಕೆತ್ತನೆ, ಬಾಗಳಿಯ ಕಲ್ಲೇಶ್ವರ, ಕುರುವತ್ತಿಯ ಬಸವಣ್ಣ, ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮವಿರುವ ಸ್ಮಾರಕ, ಇಷ್ಟನ್ನು ತೋರಿಸುವುದು ನನ್ನ ಕ್ರಮ. ನೆಂಟರು ಕಂಬ ನೋಡುತ್ತಾರೆ, ಚಾವಣಿಯ ಭುವನೇಶ್ವರಿ ನೋಡುತ್ತಾರೆ, ಸೆಲ್ಫಿ ತೆಗೆದುಕೊಳ್ಳುತ್ತಾರೆ, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ "ಮತ್ತೆ, ಈಗೇನ್ ಮಾಡ್ಕೊಂಡಿದೀಯಾ?" ಎನ್ನುತ್ತಾರೆ. ಚಾಲುಕ್ಯರ ಕಾಲದಿಂದ ಈ ಕಲ್ಲುಗಳಿಗೆ ಯಾರೂ ಕೇಳದ ಪ್ರಶ್ನೆ ಅದು. "ಈಗ ನಿಮ್ಮನ್ನ ಕರ್ಕೊಂಡು ತಿರುಗಾಡ್ತಿದೀನಲ್ಲ" ಎಂದರೆ ನಗುತ್ತಾರೆ. ನಾನು ನಗಿಸಲು ಹೇಳಿದ್ದಲ್ಲ.

ಈ ಪ್ರಶ್ನೆ ಬೇಡವೆಂದಾಗ ಹೋಗುವ ಜಾಗವೂ ಒಂದಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ. ನೀರಿಗಾಗಿ ಕಟ್ಟಿದ ಕೆರೆ, ಅದರ ತುಂಬ ಜಾಲಿಮರ, ಮರದ ತುಂಬ ಹಕ್ಕಿ. ಬಣ್ಣದ ಕೊಕ್ಕರೆಗಳು ಜೋಡಿಯಾಗಿ ಬಂದು ಮರಿ ಮಾಡುತ್ತವೆ, ಕಪ್ಪು ತಲೆಯ ಕೆಂಬರಲುಗಳು ಸಂಜೆಗೆ ಸಾಲಾಗಿ ಇಳಿಯುತ್ತವೆ. ಒಟ್ಟು 98.76 ಹೆಕ್ಟೇರು. 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಗದಗಿನ ಮಾಗಡಿ ಕೆರೆ, ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಜೊತೆಗೆ. ಅಲ್ಲಿ ಏರಿಯ ಮೇಲೆ ಕೂತು ಗೆಳೆಯನೊಬ್ಬ ನೋಟ್‌ಬುಕ್ಕಿನಲ್ಲಿ ಹಕ್ಕಿ ಲೆಕ್ಕ ಬರೆಯುತ್ತಾನೆ. ಅವನಿಗೂ ಕೆಲಸವಿಲ್ಲ. ಆದರೆ ಕ್ಯಾಮೆರಾ ಹೊತ್ತು ದೊಡ್ಡ ಊರುಗಳಿಂದ ಬರುವವರು ಅವನನ್ನು "ಸರ್" ಎನ್ನುತ್ತಾರೆ. ನಮ್ಮ ಬ್ಯಾಚಿನಲ್ಲಿ ಎಲ್ಲರಿಗಿಂತ ಮೊದಲು ಸರ್ ಅನ್ನಿಸಿಕೊಂಡವನು ಅವನೇ. ಹಕ್ಕಿಗಳಂತೂ ಏನೂ ಕೇಳುವುದಿಲ್ಲ. ಗೂಡಿಗೆ ಕಡ್ಡಿ ತರುವುದರಲ್ಲಿ ಅವಕ್ಕೆ ನಿಜವಾಗಿಯೂ ಪುರುಸೊತ್ತಿಲ್ಲ.

ಓದಿಗೆ ಒಳ್ಳೆಯ ಜಾಗವೆಂದರೆ ರೈಲು. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಹಾದು ಹರಿಹರಕ್ಕೆ ಹೋಗುವ ಪ್ಯಾಸೆಂಜರು ಹಲವು ವರ್ಷ ಹೋರಾಡಿದ ಮೇಲೆ 2019ರಲ್ಲಿ ಓಡತೊಡಗಿತು. ಕಿಟಕಿ ಪಕ್ಕ ಕೂತು ಭಾರತದ ಸಂವಿಧಾನ ತೆಗೆದರೆ ಕೊಟ್ಟೂರಿಗೆ ಮೂಲಭೂತ ಹಕ್ಕು ಮುಗಿಯುತ್ತದೆ, ಹರಪನಹಳ್ಳಿಗೆ ರಾಜ್ಯನೀತಿಯ ನಿರ್ದೇಶಕ ತತ್ವ. ಆದರೆ ಕೊಟ್ಟೂರಿನಲ್ಲಿ ಇಳಿಯದೆ ಮುಂದೆ ಹೋಗುವುದು ಮನುಷ್ಯಮಾತ್ರರಿಂದ ಸಾಧ್ಯವಿಲ್ಲ. ಕಾರಣ, ಮಂಡಕ್ಕಿ ಮಿರ್ಚಿ. ಒಗ್ಗರಣೆ ಮಂಡಕ್ಕಿಯ ಮೇಲೆ ಹುರಿಗಡಲೆ ಪುಡಿ ಉದುರಿಸಿ, ಆಗಷ್ಟೇ ಬಾಣಲೆಯಿಂದ ತೆಗೆದ ಮೆಣಸಿನಕಾಯಿಯನ್ನು ಪೇಪರಿನ ಚೂರಿನ ಮೇಲೆ ಇಟ್ಟುಕೊಡುತ್ತಾರೆ. ಒಂದು ಪ್ಲೇಟಿಗೆ ಎರಡು ತಾಸು ಕೂರುವ ವಿದ್ಯೆ ನಮಗೆ ಸಿದ್ಧಿಸಿತ್ತು. ಎಣ್ಣೆ ಹತ್ತಿದ ಆ ಪೇಪರಿನ ಚೂರನ್ನೂ ನಾವು ಬಿಡುತ್ತಿರಲಿಲ್ಲ. ಪ್ರಚಲಿತ ವಿದ್ಯಮಾನ ಎಲ್ಲಿಂದ ಬಂದರೂ ಪ್ರಚಲಿತವೇ.

ಕೊಟ್ಟೂರಿನಲ್ಲಿ ನನಗೆ ಬಹಳ ಹಿಡಿಸಿದ್ದು ಕೊಟ್ಟೂರೇಶ್ವರನ ತೇರು. ಮಾಘ ಬಹುಳದಲ್ಲಿ ಮೂಲಾ ನಕ್ಷತ್ರ ಕೂಡಿದ ಹೊತ್ತಿಗೆ ತೇರು ಹೊರಡುತ್ತದೆ. ಯಾವ ಮಂತ್ರಿ ಬರಲಿ ಬಿಡಲಿ, ಮುಂದೂಡಿಕೆ ಇಲ್ಲ, ತಾಂತ್ರಿಕ ಕಾರಣ ಇಲ್ಲ, ತಡೆಯಾಜ್ಞೆ ಇಲ್ಲ, ಮರುಪರೀಕ್ಷೆ ಇಲ್ಲ. ನೇಮಕಾತಿ ಮಾಡುವವರನ್ನೆಲ್ಲ ಒಂದು ಸಲ ಈ ತೇರಿಗೆ ಕರೆತರಬೇಕು. ಜಾತ್ರೆಗೆ ದಾವಣಗೆರೆ, ಹರಪನಹಳ್ಳಿ ಕಡೆಯಿಂದ ಸಾವಿರ ಸಾವಿರ ಮಂದಿ ನಡೆದೇ ಬರುತ್ತಾರೆ. ನಾವೂ ಪ್ರತಿವರ್ಷ ನಡೆಯುತ್ತಿದ್ದೆವು. ದಾರಿಯುದ್ದಕ್ಕೂ ಮಜ್ಜಿಗೆ, ಕಲ್ಲಂಗಡಿ, ಅನ್ನ ಸಾರು. ಕಾಲಿಗೆ ಎಣ್ಣೆ ತಿಕ್ಕುವವರೂ ಸಿಗುತ್ತಾರೆ. ಪಾದಯಾತ್ರೆಯ ಉದ್ದಕ್ಕೂ ಒಬ್ಬರೂ "ಏನ್ ಮಾಡ್ತಿ" ಎಂದು ಕೇಳುವುದಿಲ್ಲ, "ಎಲ್ಲಿಂದ ಬಂದ್ರಿ" ಎಂದಷ್ಟೇ ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿತ್ತು.

ಭರತ ಹುಣ್ಣಿಮೆ ಕಳೆದ ಮೇಲೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರಣಿಕ. ಲಕ್ಷಾಂತರ ಜನ. ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ!" ಎನ್ನುತ್ತಾನೆ. ಅಷ್ಟು ಜನಸಾಗರ ಒಂದೇ ಉಸಿರಿಗೆ ತೆಪ್ಪಗಾಗುತ್ತದೆ. ನಾಲ್ಕು ಮಾತು, ಕೊನೆಗೊಂದು "ಪರಾಕ್", ಅಷ್ಟೇ. ಗೊರವಯ್ಯ ಕೆಳಗೆ ಬೀಳುತ್ತಾನೆ, ಉಳಿದ ಗೊರವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುತ್ತದೆ ನಿಜವಾದ ಕೆಲಸ. ರೈತರು ಆ ನಾಲ್ಕು ಮಾತಿನಲ್ಲಿ ಮಳೆ ಹುಡುಕುತ್ತಾರೆ, ರಾಜಕಾರಣಿಗಳು ಕುರ್ಚಿ ಹುಡುಕುತ್ತಾರೆ, ವ್ಯಾಪಾರಸ್ಥರು ಧಾರಣೆ ಹುಡುಕುತ್ತಾರೆ. ನಾವು ಅಧಿಸೂಚನೆ ಹುಡುಕುತ್ತಿದ್ದೆವು. ಮರಳುವ ಟ್ರ್ಯಾಕ್ಟರಿನಲ್ಲಿ ವಾದ ಹುಟ್ಟುತ್ತಿತ್ತು. "ತುಂಬ್ತೈತಿ ಅಂದ್ರ ಹುದ್ದೆ ತುಂಬ್ತಾರ ಅಂತ ಅರ್ಥ" ಎಂದು ಒಬ್ಬ, "ಕೆರಿ ತುಂಬ್ತೈತಿ ಅಂತ ಅರ್ಥ, ಹುದ್ದೆ ಅಂತ ಎಲ್ಲಿ ಅಂದ?" ಎಂದು ಇನ್ನೊಬ್ಬ. ಮೂರನೆಯವನು ಆಕ್ಷೇಪಣೆ ಸಲ್ಲಿಸಲು ಏಳು ದಿನ ಕಾಲಾವಕಾಶ ಇದೆಯೇ ಎಂದು ಕೇಳಿದ. ಟ್ರ್ಯಾಕ್ಟರ್ ಓಡಿಸುತ್ತಿದ್ದ ಕಾಕ ಹಿಂದೆ ತಿರುಗಿ, "ಲೇ, ಇಷ್ಟ್ ತಲಿ ಓಡಿಸೋ ಹುಡುಗ್ರಿಗೆ ನೌಕರಿ ಇಲ್ಲಂದ್ರ ತಪ್ಪು ನಿಮ್ದಲ್ಲ ಬಿಡ್ರಲೇ" ಎಂದ. ಅಷ್ಟು ವರ್ಷಗಳಲ್ಲಿ ನಮ್ಮ ಪರವಾಗಿ ಬಂದ ತೀರ್ಪು ಅದೊಂದೇ.

ಈಗ ನಾನು ಅತಿಥಿ ಶಿಕ್ಷಕ. ಜೂನಿನಲ್ಲಿ ಕರೆಯುತ್ತಾರೆ, ಪರೀಕ್ಷೆ ಮುಗಿಯುತ್ತಲೇ ಕಳಿಸುತ್ತಾರೆ. ಅತಿಥಿ ಎಂದ ಮೇಲೆ ಹೆಚ್ಚು ದಿನ ನಿಲ್ಲುವುದು ಮರ್ಯಾದೆಯಲ್ಲ. ಬೇಸಿಗೆ ಎರಡು ತಿಂಗಳು ಮತ್ತೆ ಹಳೆಯ ಹುದ್ದೆಗೆ ಹಾಜರಾಗುತ್ತೇನೆ. ಮೊನ್ನೆ ಶಾಲೆಯಲ್ಲಿ ಮಕ್ಕಳಿಗೆ ಪ್ರಬಂಧ ಬರೆಸುವ ದಿನ ಮುಖ್ಯ ಗುರುಗಳು ವಿಷಯವನ್ನು ಬೋರ್ಡಿನ ಮೇಲೆ ತಾವೇ ಬರೆದರು: ಸಮಯದ ಸದುಪಯೋಗ. ಬರೆದವರು ನನ್ನ ಕಡೆ ತಿರುಗಿ, "ಸರ್, ನೀವು ಹೆಂಗೂ ಈ ಪಿರಿಯಡ್ ಖಾಲಿ, ಸ್ವಲ್ಪ ಇವನ್ನ ತಿದ್ದಿಕೊಡಿ" ಎಂದು ಬಿಸಿಯೂಟದ ಲೆಕ್ಕ ನೋಡಲು ಹೊರಟರು. ಮಕ್ಕಳಲ್ಲಿ ಹೆಚ್ಚಿನವರು ಬೆಳಿಗ್ಗೆ ನಾಲ್ಕಕ್ಕೆ ಏಳಬೇಕೆಂದೇ ಬರೆದಿದ್ದರು. ಒಬ್ಬಳು ಮಾತ್ರ, ನಾಲ್ಕಕ್ಕೆ ಏಳುವುದು ಹೂ ಕೀಳುವವರು, ಓದುವವರು ಆರಕ್ಕೆ ಎದ್ದರೆ ಸಾಕು ಎಂದು ಬರೆದಿದ್ದಳು. ಹತ್ತಕ್ಕೆ ಹತ್ತು ಕೊಟ್ಟೆ.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಡಿಗ್ರಿ ಮಾಡಿ ಕೂತ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅವರಿಗೆ ಕೆಲಸ ಹೇಳಬೇಡಿ ಎನ್ನುವುದಿಲ್ಲ. ಬ್ಯಾಂಕಿಗೆ ಕಳಿಸಿ, ಮೋಟ್ರು ತರಲು ಕಳಿಸಿ, ಅಜ್ಜನ ಕಣ್ಣಿನ ಆಪರೇಷನ್ನಿಗೆ ಜೊತೆ ಮಾಡಿ ಕಳಿಸಿ. ಹುಡುಗಿಯಾದರೆ ಟಿಕೇಟಿನ ಚಿಂತೆ ಇಲ್ಲ. ಹುಡುಗನಾದರೆ ಹೋಗಿ ಬರುವ ಬಸ್ ಚಾರ್ಜು ಮೊದಲೇ ಕೈಗೆ ಕೊಡಿ. ಕೊಟ್ಟೂರಿಗೆ ಕಳಿಸುವುದಿದ್ದರೆ ಇಬ್ಬರಿಗೂ ಒಂದು ಪ್ಲೇಟ್ ಮಿರ್ಚಿಯ ದುಡ್ಡು ಸೇರಿಸಿ ಕೊಡಿ.